ಶೇಕಡಾವಾರು ಲೆಕ್ಕದಲ್ಲಿ ಕಾಣದ ಮಗು

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದೊಡನೆ ಯಾವ ಜಿಲ್ಲೆ ಮೇಲೇರಿತು, ಯಾವುದು ಕುಸಿಯಿತು ಎಂಬ ಚರ್ಚೆ ಚಿಕ್ಕಮಗಳೂರಿನಿಂದ ಕಳಸದವರೆಗೂ ನಡೆಯುತ್ತದೆ. ಪೋಷಕರು ಶಾಲೆ ಆರಿಸುವುದೂ ಇದೇ ಅಂಕಿಗಳನ್ನು ನಂಬಿ.

ರಾಜ್ಯದ ಫಲಿತಾಂಶ 2021ರಲ್ಲಿ ಶೇ. 99.99. 2023ರಲ್ಲಿ 83.89, 2024ರಲ್ಲಿ 73.40, 2025ರ ಮೊದಲ ಪರೀಕ್ಷೆಯಲ್ಲಿ 62.34. ಮಕ್ಕಳು ವರ್ಷದಿಂದ ವರ್ಷಕ್ಕೆ ದಡ್ಡರಾಗುತ್ತಿದ್ದಾರೆಯೇ? 2021ರದ್ದು ಕೊರೋನಾ ಕಾಲದ, ಯಾರನ್ನೂ ಅನುತ್ತೀರ್ಣಗೊಳಿಸದಿರುವ ನೀತಿಯ ಸರಳ ಪರೀಕ್ಷೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಫಲಿತಾಂಶ ಕುಸಿದಾಗ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಅದಿಲ್ಲದಿದ್ದರೆ ಫಲಿತಾಂಶ ಸುಮಾರು ಶೇ. 53ರಲ್ಲೇ ನಿಲ್ಲುತ್ತಿತ್ತು. ಮರುವರ್ಷ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಅಂದರೆ, ಹನ್ನೊಂದು ಅಂಶಗಳ ಕುಸಿತವೆಂದು ಹುಯಿಲೆಬ್ಬಿಸಿದ ವರ್ಷದಲ್ಲಿ ವಾಸ್ತವವಾಗಿ ಏರಿಕೆಯೇ ಆಗಿದ್ದಿರಬಹುದು! ಅಳತೆಗೋಲನ್ನೇ ಬದಲಿಸಿ ಮಗುವಿನ ಎತ್ತರ ಅಳೆದಂತಾಯಿತು.

ಅದಕ್ಕಿಂತ ಮುಖ್ಯವಾಗಿ, ಕಳೆದ ವರ್ಷದ ಹತ್ತನೆಯ ತರಗತಿಯವರೇ ಬೇರೆ, ಈ ವರ್ಷದವರೇ ಬೇರೆ. ಕಲಿಕೆಯ ಬದಲಾವಣೆ ತಿಳಿಯಬೇಕಾದರೆ ಅದೇ ಮಗುವನ್ನು ಎಂಟರಿಂದ ಹತ್ತರವರೆಗೆ ಹಿಂಬಾಲಿಸಬೇಕು. ಅಲ್ಲಿಯೂ ಎಚ್ಚರ ಬೇಕು. ಒಂದು ಕಿರುಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಪಡೆದವರಲ್ಲಿ ಅಂದು ಜ್ವರ ಬಂದವರೂ, ಓದಿದ್ದು ಬಾರದೆ ಹೋದವರೂ ಇರುತ್ತಾರೆ. ಏನೂ ಮಾಡದಿದ್ದರೂ ಮುಂದಿನ ಪರೀಕ್ಷೆಯಲ್ಲಿ ಅಂಥವರ ಸರಾಸರಿ ತುಸು ಏರುತ್ತದೆ. ಮೊದಲ ಸ್ಥಾನದವರದು ತುಸು ಇಳಿಯುತ್ತದೆ. ಆ ಏರಿಕೆಯನ್ನೆಲ್ಲ ವಿಶೇಷ ತರಗತಿಯ ಫಲವೆಂದು ವರದಿ ಬರೆಯುವ ನಮ್ಮ ಸಂಘಸಂಸ್ಥೆಗಳು, ಅದೇ ಮಟ್ಟದಲ್ಲಿದ್ದು ಆ ತರಗತಿಗೆ ಬಾರದ ಮಕ್ಕಳು ಎಷ್ಟು ಏರಿದರೆಂಬುದನ್ನೂ ನೋಡಬೇಕು.

ಮಲೆನಾಡಿನ ಶಾಲೆಗಳಿಗೆ ಇನ್ನೊಂದು ತೊಡಕಿದೆ. ಹತ್ತೇ ಮಕ್ಕಳಿರುವ ಕಡೆ ಒಬ್ಬ ಅನುತ್ತೀರ್ಣನಾದರೆ ಫಲಿತಾಂಶ ಶೇ. 10 ಇಳಿಯುತ್ತದೆ, ಅದಕ್ಕಾಗಿ ಅಧ್ಯಾಪಕರನ್ನು ದೂರುವುದು ಅನ್ಯಾಯ. ಕಾಫಿ ಕೊಯ್ಲಿಗೆ ಬಂದ ಕುಟುಂಬ ಕೊಯ್ಲು ಮುಗಿದು ಹೊರಟಾಗ ಮಗುವೂ ಹೊರಡುತ್ತದೆ. ಕಲಿಕೆಯಲ್ಲಿ ಹಿಂದುಳಿದವನು ಶಾಲೆ ಬಿಟ್ಟರಂತೂ ಉಳಿದವರ ಸರಾಸರಿ ತಾನಾಗಿ ಏರುತ್ತದೆ, ಯಾರೊಬ್ಬರೂ ಹೊಸದಾಗಿ ಒಂದಕ್ಷರ ಕಲಿಯದೆ! ನೂರಕ್ಕೆ ನೂರು ಫಲಿತಾಂಶದ ಫಲಕ ಕಂಡಾಗ ಪೋಷಕರು ಪ್ರಶ್ನಿಸಬೇಕಾದುದು ಇದನ್ನೇ: ಎಂಟನೆಯ ತರಗತಿಗೆ ಸೇರಿದವರು ಎಷ್ಟು ಮಂದಿ, ಅವರಲ್ಲಿ ಹತ್ತನೆಯ ಪರೀಕ್ಷೆಗೆ ಕುಳಿತವರು ಎಷ್ಟು, ಉಳಿದವರು ಈಗ ಎಲ್ಲಿದ್ದಾರೆ?