ಗಾದಿಯ ಮೇಲಿನ ಮಾತು: ಕೊಂಡೆ, ಮಾರಿದೆ, ಬರೆದೆ

‘ಹಣ ಕೊಡುತ್ತೇನೆ’ ಎಂದರೆ ಬಾಕಿ ಹಾಗೆಯೇ ಉಳಿಯಿತು. ‘ಕೊಟ್ಟನು’ ಎಂದರೆ ಜಮಾ ಆಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಇವೆರಡರ ನಡುವೆ ಇರುವುದು ಒಂದೇ ಒಂದು ಗೀಟು. ‘ಪಾಗೊ’ ಎಂದರೆ ನಾನು ಕೊಡುತ್ತೇನೆ. ಕೊನೆಯ ಓ ಅಕ್ಷರದ ನೆತ್ತಿಯ ಮೇಲೆ ಓರೆ ಗೀಟು ಬಿದ್ದರೆ ‘ಪಗೋ’, ಅವನು ಕೊಟ್ಟನು. ಸ್ಪೇನ್, ಮೆಕ್ಸಿಕೊ, ಪೆರು ದೇಶಗಳವರೊಡನೆ ಪತ್ರವ್ಯವಹಾರ ಮಾಡುವ ಹುಡುಗರು ಮನೆಯಲ್ಲಿದ್ದರೆ ಅವರಿಗೆ ಮೊದಲು ಇದನ್ನೇ ಹೇಳಬೇಕು.

ನಮಗೆ ಬೇಕಾದ ಕ್ರಿಯಾಪದಗಳು ಮೂರು: ಕೊಂಪ್ರಾರ್ (ಕೊಳ್ಳು), ಬೆಂದೇರ್ (ಮಾರು), ಎಸ್ಕ್ರಿಬೀರ್ (ಬರೆ). ಒತ್ತಿ ಹೇಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇವೆ. ಕೊನೆಯ ಆರ್, ಏರ್, ಈರ್ ತೆಗೆದು ಪ್ರತ್ಯಯ ಹಚ್ಚಬೇಕು.

ಕೊಂಪ್ರೇ, ಕೊಂಡೆನು. ಕೊಂಪ್ರಾಸ್ತೆ, ನೀನು ಕೊಂಡೆ. ಕೊಂಪ್ರೋ, ಕೊಂಡನು. ಕೊಂಪ್ರಾಮೊಸ್, ಕೊಂಡೆವು. ಕೊಂಪ್ರಾರೊನ್, ಕೊಂಡರು. ಸ್ಪೇನ್‌ನಲ್ಲಿ ಸಲಿಗೆಯವರಿಗೆ ‘ನೀವೆಲ್ಲ ಕೊಂಡಿರಿ’ ಎನ್ನಲು ಕೊಂಪ್ರಾಸ್ತೆಯ್ಸ್ ಎಂಬುದೂ ಇದೆ. ಮೆಕ್ಸಿಕೊ ಕಡೆ ಅದು ನಡೆಯದು, ಅಲ್ಲಿ ಕೊಂಪ್ರಾರೊನ್ ಎಂದೇ ಅನ್ನುತ್ತಾರೆ.

ಮಾರುವುದಕ್ಕೆ ಬೆಂದೀ, ಬೆಂದೀಸ್ತೆ, ಬೆಂದಿಯೋ, ಬೆಂದೀಮೊಸ್, ಬೆಂದೀಸ್ತೆಯ್ಸ್, ಬೆಂದಿಯೇರೊನ್. ಬರೆಯುವುದಕ್ಕೂ ಇವೇ ಪ್ರತ್ಯಯಗಳು.

ಕನ್ನಡದವರಿಗೆ ಇದು ಕಷ್ಟವಲ್ಲ. ‘ಮಾರಿದೆವು’ ಎಂದಾಗ ಮಾರಿದವರು ಯಾರೆಂದು ಪ್ರತ್ಯಯವೇ ಹೇಳುತ್ತದೆ, ‘ನಾವು’ ಬೇಕಿಲ್ಲ. ಅಲ್ಲಿಯೂ ಹಾಗೆಯೇ. ಇಂಗ್ಲಿಷಿನಲ್ಲಿ ಐ, ಹೀ, ದೇ ಎಲ್ಲರಿಗೂ ಒಂದೇ ‘ಸೋಲ್ಡ್’. ನಮ್ಮ ಸೊಲ್ಲಾಪುರದ ಕಡೆಯ ಮರಾಠಿಯಲ್ಲೂ ‘ವಿಕಲಂ’ ಎಂಬುದು ಮಾರಿದ ಸರಕಿಗೆ ಹೊಂದುತ್ತದೆಯೇ ಹೊರತು ಮಾರಿದವನಿಗಲ್ಲ.

ಆದರೆ ಕೆಲವು ಕಡೆ ಎಚ್ಚರ ಬೇಕು. ಕೊಂಡನು, ಕೊಂಡಳು ಎಂಬ ಭೇದ ಅಲ್ಲಿಲ್ಲ. ಗಿರಾಕಿಗೆ ಗೌರವದಿಂದ ‘ಉಸ್ತೇದ್’, ಅಂದರೆ ತಾವು, ಎಂದರೂ ಕ್ರಿಯಾಪದ ಅದೇ ಕೊಂಪ್ರೋ. ಆದ್ದರಿಂದ ಯಾರೆಂದು ಬರೆಯುವುದೇ ಲೇಸು. ‘ನಾನು ಹಣ ಕೊಟ್ಟೆ’ ಎನ್ನುವ ‘ಪಗೇ’ ಬರೆಯುವಾಗ ಗಕಾರದ ಉಚ್ಚಾರ ಉಳಿಯಲೆಂದು ನಡುವೆ ಯು ಅಕ್ಷರ ಸೇರಿಸುತ್ತಾರೆ. ಕಿವಿಗೆ ಮಾತ್ರ ಏನೂ ಬದಲಾಗದು.

ಎಲ್ಲಕ್ಕಿಂತ ತೊಡಕಿನದು ಕೊಂಪ್ರಾಮೊಸ್. ‘ಕೊಳ್ಳುತ್ತೇವೆ’, ‘ಕೊಂಡೆವು’ ಎರಡಕ್ಕೂ ಅದೇ ರೂಪ, ಗೀಟಿನ ಆಸರೆಯೂ ಇಲ್ಲ. ಎಸ್ಕ್ರಿಬೀಮೊಸ್ ಕೂಡ ಹಾಗೆಯೇ. ಮಾರುವುದರಲ್ಲಿ ಮಾತ್ರ ಬೆಂದೇಮೊಸ್ (ಮಾರುತ್ತೇವೆ), ಬೆಂದೀಮೊಸ್ (ಮಾರಿದೆವು) ಎಂದು ಬೇರೆಬೇರೆ. ಹಾಗಾಗಿ ಖರೀದಿಯ ಪತ್ರದಲ್ಲಿ ಕೊಂಪ್ರಾಮೊಸ್ ಬರೆದರೆ ಪಕ್ಕದಲ್ಲೇ ‘ಅಯೇರ್’, ಅಂದರೆ ನಿನ್ನೆ, ಎಂದಾದರೂ ಸೇರಿಸಿರಿ. ತಾರೀಖನ್ನೇ ನಮೂದಿಸಿದರೆ ಇನ್ನೂ ಒಳ್ಳೆಯದು.