ಫೋನ್ ಹಾಳಾಗಿಲ್ಲ, ಕಂಪನಿ ಕೈಬಿಟ್ಟಿದೆ ಅಷ್ಟೇ

ಅಮ್ಮನ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬರೋದು ನಿಂತುಹೋಗಿದೆ. ಕೊಂಡು ಮೂರೇ ವರ್ಷ. ಸ್ಕ್ರೀನ್, ಬ್ಯಾಟರಿ ಎಲ್ಲ ಚೆನ್ನಾಗಿವೆ. ಸರ್ವೀಸ್ ಸೆಂಟರ್‌ನಲ್ಲಿ ವಿಚಾರಿಸಿದರೆ, "ಹಳೇ ಹಾರ್ಡ್‌ವೇರ್ ಸರ್, ಹೊಸದು ತಗೊಳ್ಳಿ" ಎಂಬ ಉತ್ತರ ಬಂತು. ಎಂಜಿನಿಯರಿಂಗ್ ಓದಿದ ನನಗೆ ಇದು ಅರ್ಧ ಸತ್ಯ ಅನ್ನಿಸಿತು.

ಹಾರ್ಡ್‌ವೇರ್ ಮತ್ತು ಆ್ಯಪ್‌ಗಳ ನಡುವೆ ನಿಂತು ಕೆಲಸ ಮಾಡಿಸುವುದು ಕರ್ನಲ್. ನಮ್ಮ ಪಿಸಿಗಳಲ್ಲಿ, ಒಳಗೆ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ಏಕರೂಪದ ವ್ಯವಸ್ಥೆ ಇದೆ. ಹಾಗಾಗಿ ಒಂದೇ ಲಿನಕ್ಸ್ ಯಾವ ಪಿಸಿಯಲ್ಲಾದರೂ ಓಡುತ್ತದೆ. ಫೋನ್‌ಗಳಲ್ಲಿರುವ ಆರ್ಮ್ ಚಿಪ್‌ಗಳಲ್ಲಿ ಇದಿರಲಿಲ್ಲ. ಬೋರ್ಡಿಗೊಂದು ಕೋಡ್! 2011ರಲ್ಲಿ ಈ ಗೊಂದಲ ಕಂಡು ಲಿನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ರೇಗಿದ್ದರು. ಆಮೇಲೆ ಬೋರ್ಡಿನ ವಿವರವನ್ನು 'ಡಿವೈಸ್ ಟ್ರೀ' ಎಂಬ ಪ್ರತ್ಯೇಕ ಕಡತಕ್ಕೆ ಸರಿಸಲಾಯಿತು. 2012ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 3.7, ಬೇರೆ ಬೇರೆ ಆರ್ಮ್ ಚಿಪ್‌ಗಳಿಗೆ ಒಂದೇ ಕರ್ನಲ್ ಕಟ್ಟುವ ದಾರಿ ತೆರೆಯಿತು.

ಆದರೂ ಆಂಡ್ರಾಯ್ಡ್ ಫೋನ್‌ಗಳ ಪಾಡು ಬದಲಾಗಲಿಲ್ಲ. ಮೂಲ ಕರ್ನಲ್‌ಗೆ ಗೂಗಲ್ ಒಂದಷ್ಟು ಸೇರಿಸುತ್ತಿತ್ತು, ಚಿಪ್ ಕಂಪನಿ ಇನ್ನಷ್ಟು, ಫೋನ್ ಕಂಪನಿ ಮತ್ತಷ್ಟು. ಮೂಲದಲ್ಲಿ ಒಂದು ತೂತು ಮುಚ್ಚಿದರೆ, ಆ ತೇಪೆಯನ್ನು ಪ್ರತಿ ಮಾಡೆಲ್‌ಗೂ ಹೊಸದಾಗಿ ಹೊಲಿಯಬೇಕಿತ್ತು.

ಇದಕ್ಕೆ ಗೂಗಲ್ ಕಂಡುಕೊಂಡ ಉತ್ತರ ಜಿಕೆಐ, ಅಂದರೆ ಎಲ್ಲರಿಗೂ ಒಂದೇ ತಿರುಳು. ಆಂಡ್ರಾಯ್ಡ್ 12 ಹಾಗೂ 5.10 ಕರ್ನಲ್‌ನೊಂದಿಗೆ ಬಿಡುಗಡೆಯಾಗುವ ಫೋನ್‌ಗಳಿಂದ ಇದು ಕಡ್ಡಾಯ. ಚಿಪ್ಪಿಗೆ ಬೇಕಾದ ಕೋಡ್ ಪ್ರತ್ಯೇಕ ಮಾಡ್ಯೂಲ್‌ಗಳಲ್ಲಿರುತ್ತದೆ. ಎರಡರ ನಡುವಿನ ಒಪ್ಪಂದ ಸ್ಥಿರವಾಗಿರುವುದರಿಂದ, ಮಾಡ್ಯೂಲ್ ಮುಟ್ಟದೆಯೇ ತಿರುಳಿನ ತೂತು ಮುಚ್ಚಬಹುದು.

ಹಾಗಂತ ಎಲ್ಲ ಬಗೆಹರಿಯಿತು ಎಂದಲ್ಲ. ಮಾಡ್ಯೂಲ್‌ಗಳು ಇನ್ನೂ ಚಿಪ್ ಕಂಪನಿಯ ಕೈಯಲ್ಲೇ ಇವೆ. ಪ್ರತಿ ಮಾಡೆಲ್‌ನಲ್ಲೂ ಪರೀಕ್ಷೆ ನಡೆಸಲು ಖರ್ಚಿದೆ. ಆದರೆ "ತಾಂತ್ರಿಕವಾಗಿ ಆಗಲ್ಲ" ಎನ್ನುವ ಮಾತಿಗೆ ಮೊದಲಿನ ತೂಕ ಉಳಿದಿಲ್ಲ. ಉಳಿದಿರುವುದು ಲಾಭ-ನಷ್ಟದ ಲೆಕ್ಕ. ಆ ಲೆಕ್ಕದ ಬೆಲೆ ತೆರುತ್ತಿರುವುದು ಅದೇ ಫೋನಿನಲ್ಲಿ ಯುಪಿಐ ಬಳಸುವ, ಬ್ಯಾಂಕ್ ಒಟಿಪಿ ಪಡೆಯುವ ಅಮ್ಮನಂಥವರು.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಸೆಕ್ಯುರಿಟಿ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ಕಂಪನಿಗಳು ಗ್ರಾಹಕರಿಗೆ ತಿಳಿಸಲೇಬೇಕು. ನಮ್ಮಲ್ಲಿ ಫೋನಿನ ಡಬ್ಬಿ ಮೇಲೆ ಎಂಆರ್‌ಪಿ ಇರಲೇಬೇಕು. ಅದರ ಪಕ್ಕದಲ್ಲೇ ಅಪ್‌ಡೇಟ್ ನಿಲ್ಲುವ ದಿನಾಂಕವೂ ಇರಲಿ. ಬಿಸ್ಕತ್ ಪೊಟ್ಟಣಕ್ಕೆ ಇರೋ ಕೊನೇ ದಿನಾಂಕ, ಹದಿನೈದು ಸಾವಿರದ ಫೋನಿಗೆ ಯಾಕಿರಬಾರದು?