ಕಣ್ಣು ಮುಚ್ಚದ ಸಾಕ್ಷಿ

ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯೊಳಗಣ ಬಟ್ಟೆ ತಾನಾಗಿ ಉರಿಯುವುದು, ಭಾನಾಮತಿಯ ಇಂಥ ಕಥೆಗಳು ಗಡಿನಾಡಿನ ವಾಚಕರಿಗೆ ಹೊಸವಲ್ಲ. 1984ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಕೊಲಂಬಸ್ ನಗರದ ಮನೆಯೊಂದರಲ್ಲಿ ಅದನ್ನೇ ಹೋಲುವ ಗದ್ದಲವೆದ್ದಿತು. 14 ವರ್ಷದ ಬಾಲಿಕೆಯ ಸುತ್ತ ವಸ್ತುಗಳು ಹಾರಾಡುತ್ತವೆಂದು ಸುದ್ದಿ. ಅವಳ ಮುಂದೆ ಟೆಲಿಫೋನು ಹಾರುತ್ತಿರುವ ಛಾಯಾಚಿತ್ರ ದೇಶದೇಶಗಳನ್ನು ಸುತ್ತಿತು. ಆದರೆ ಸ್ಥಿರಚಿತ್ರಕ್ಕೆ ಸಿಕ್ಕುವುದು ಒಂದೇ ಕ್ಷಣ. ಅದಕ್ಕೆ ಮುಂಚೆ ಕೈ ಎಲ್ಲಿತ್ತೆಂಬುದನ್ನು ಅದು ಹೇಳಲಾರದು. ಟೆಲಿವಿಷನ್ನಿನವರು ನಿಲ್ಲಿಸದೆ ಬಿಟ್ಟಿದ್ದ ವಿಡಿಯೋ ಕ್ಯಾಮೆರಾ ಹೇಳಿತು: ಯಾರೂ ನೋಡುತ್ತಿಲ್ಲವೆಂದು ಭಾವಿಸಿದ ಹುಡುಗಿ ದೀಪವನ್ನು ತಾನೇ ಎಳೆದು ಕೆಡವಿ ಚೀರಿದಳು! ಪತ್ರಕರ್ತರು ಹೊರಟುಹೋಗಲೆಂದು ಹಾಗೆ ಮಾಡಿದೆನೆಂಬುದು ಅವಳ ಸಮಜಾಯಿಷಿ. (ಪಾಪ, ದಿನವಿಡೀ ಮನೆತುಂಬ ಪರಕೀಯರಿದ್ದರೆ ಯಾವ ಮಗುವಿಗೆ ಬೇಸರವಾಗದು?) ಅತೀಂದ್ರಿಯ ಸಂಶೋಧಕ ವಿಲಿಯಂ ರೋಲ್ ಅವರು ಉಳಿದ ಘಟನೆಗಳು ನಿಜವೆಂದೇ ನಂಬಿದರು. ಐಂದ್ರಜಾಲಿಕ ಜೇಮ್ಸ್ ರ್‍ಯಾಂಡಿಯವರಿಗೆ ಆ ಮನೆಯೊಳಗೆ ಪ್ರವೇಶವೇ ದೊರೆಯಲಿಲ್ಲ.

ಕ್ಯಾಮೆರಾ ಸಹ ಮೋಸಹೋಗುವುದುಂಟು. ಕತ್ತಲಲ್ಲಿ ಅವಕೆಂಪು ಕಿರಣ ಬೀರಿ ನೋಡುವ ಯಂತ್ರಕ್ಕೆ, ಮಸೂರದೆದುರು ತೇಲುವ ಧೂಳಿನ ಕಣ ಬೆಳಕಿನ ಗುಂಡಾಗಿ ತೋರುತ್ತದೆ. ಅದನ್ನೇ ಪ್ರೇತಾತ್ಮವೆನ್ನುವವರೂ ಇದ್ದಾರೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಎರಡನೆಯ ಕ್ಯಾಮೆರಾ ಇರಿಸಿದರೆ, ಅದರಲ್ಲಿ ಆ ಗುಂಡು ಕಾಣುವುದೇ ಇಲ್ಲ.